ಧರ್ಮಕ್ಕೊಬ್ಬ ಧರ್ಮಪಿತ

ತುಪೀಸಾ, ಬೊಲಿವಿಯ
9 ಮಾರ್ಚ್ 1998

ಪ್ರೀತಿಯ ಒನೊರಾತಕ್ಕ,

ಈ ಕೆಳಗೆ ಸಹಿ ಮಾಡಿರುವ ಎಡೆಲ್ಮಿರೊ ಗಾರ್ನಿಕಾ ಎಂಬ ನಾನು, ವಯಸ್ಸು ಐವತ್ತೆರಡು, ಕಸುಬು ಫೋಟೊಗ್ರಾಫರ್, ಅವಿವಾಹಿತ, ಹಿಂದೆ ಯಾವ ಶಿಕ್ಷೆಯನ್ನೂ ಅನುಭವಿಸದವನು (ಕಾನೂನು ಕಾಲೇಜಿನಲ್ಲಿ ಕಳೆದ ಎರಡು ವರ್ಷವನ್ನು ಹಿಡಿಯದಿದ್ದರೆ), ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಮಂಗಳವಾರ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ್ದಾಗ, ಮಾರುಕಟ್ಟೆಯ ಬಾಗಿಲಲ್ಲಿ ನಿಂತಿದ್ದ ಪರರ ಕರಿಹಲಗೆಯೊಂದರ ಮೇಲೆ ಕೈ ಮಾಡಿದೆ. ಹಲಗೆಯಲ್ಲಿ “ಅರ್ಧ ಬೆಲೆಗೆ ಎಲ್ಲರ ಫೋಟೊ ತೆಗೆಯಲಾಗುವುದು” ಎಂದಿತ್ತು. ಅಂಗಿಯ ತೋಳಿನಿಂದ ಒಂದೇ ಒಂದು ಪದ ಒರೆಸಿ, ನನ್ನದೇ ಸೀಮೆಸುಣ್ಣದಲ್ಲಿ, ಅಂದರೆ ಸ್ವಂತ ಖರ್ಚಿನಲ್ಲಿ, ಇನ್ನೊಂದು ಪದ ಬರೆದೆ. ಸಂಜೆ ಊರು ಎದ್ದು ಓದಿದ್ದು: “ಅರ್ಧ ಬೆಲೆಗೆ ಎಲ್ಲರ ತಲೆ ತೆಗೆಯಲಾಗುವುದು.”

ಇದನ್ನು ಅಪರಾಧವೆನ್ನುವವರು ಆ ಹಲಗೆಯ ಒಡೆಯ ವಾಲ್ಟರ್ ತೊಲಾಬಾ ತೆಗೆದ ಫೋಟೊಗಳನ್ನು ನೋಡಿಲ್ಲ. ಮದುಮಗನಿಗೆ ಹಣೆಯಿಂದ ಮೇಲಕ್ಕೆ ಏನೂ ಇರುವುದಿಲ್ಲ. ನಾನು ಮಾಡಿದ್ದು ಅಪರಾಧವಲ್ಲ, ಕರಡು ತಿದ್ದುವ ಕೆಲಸ.

ನಿನಗೆ ವಾಲ್ಟರ್ ನೆನಪಿರಬೇಕು. ಬಸ್ ನಿಲ್ದಾಣದ ಮುಂದೆ ಟ್ಯಾಕ್ಸಿ ಓಡಿಸುತ್ತಿದ್ದ. ಗಡಿಯಾಚೆಯಿಂದ ಒಂದು ಕ್ಯಾಮೆರಾ ತಂದಿದ್ದಾನೆ. ಬೆಳಕನ್ನು ಅದೇ ನೋಡುತ್ತದೆ, ದೂರವನ್ನು ಅದೇ ಅಳೆಯುತ್ತದೆ, ಫಿಲಂ ಅದೇ ಸುತ್ತಿಕೊಳ್ಳುತ್ತದೆ. ಇವನ ಪಾಲಿಗೆ ಉಳಿದಿರುವುದು ನಗುವುದೊಂದೇ, ಅದನ್ನು ಚೆನ್ನಾಗಿ ಮಾಡುತ್ತಾನೆ. ಕಳೆದ ವಾರ ಅಸುಂತಮ್ಮ ನಮ್ಮ ಸ್ಟುಡಿಯೊಗೆ ಬಂದಿದ್ದಳು. ಯಾವುದೋ ಮದುವೆಯಲ್ಲಿ ಉಂಗುರಕ್ಕೊಬ್ಬ ಧರ್ಮಪಿತ, ಕೇಕಿಗೊಬ್ಬ, ಬ್ಯಾಂಡಿಗೊಬ್ಬ ಎಂದು ಹಂಚುತ್ತಾ ಹಂಚುತ್ತಾ ಫೋಟೊದ ಖರ್ಚನ್ನು ಧರ್ಮಮಾತೆಯೆಂದು ಇವಳ ತಲೆಗೆ ಕಟ್ಟಿದ್ದಾರೆ.

“ನಿಮ್ಮದು ಎಷ್ಟಾಗುತ್ತೆ ಮೇಷ್ಟ್ರೇ?” ಅಂದಳು (ಕಸುಬು ಬಲ್ಲವರೆಲ್ಲ ಈ ಊರಿಗೆ ಮೇಷ್ಟ್ರು). ಹೇಳಿದೆ.

“ಅಯ್ಯೋ ಮಾತಾಯಿ! ವಾಲ್ಟರ್ ಅರ್ಧಕ್ಕೆ ಮಾಡ್ತಾನೆ. ಮೂವತ್ತಾರು ಫೋಟೊ, ಎಲ್ಲಾ ಕಲರು.”

“ಅದರಲ್ಲಿ ಮೂವತ್ತರಲ್ಲಿ ಕಣ್ಣು ಮುಚ್ಚಿರುತ್ತೆ.”

“ಮುಚ್ಚಿರಲಿ ಬಿಡಿ. ಮದುವೆ ದಿನ ನಮ್ಮ ಜನದ ಕಣ್ಣು ತೆರೆದಿದ್ದು ಯಾವಾಗ?”

ಹೋದಳು. ಹಲಗೆ ತಿದ್ದಿದ ಮರುದಿನ ವಾಲ್ಟರ್ ಬಂದ. ಹಲಗೆ ಕಂಕುಳಲ್ಲಿತ್ತು. ಜಗಳಕ್ಕೆ ಸಿದ್ಧನಾಗಿ ಎದ್ದು ನಿಂತೆ.

“ಮೇಷ್ಟ್ರೇ, ಏನ್ ಮುದ್ದಾಗಿದೆ ನಿಮ್ಮ ಅಕ್ಷರ! ಉಳಿದಿದ್ದನ್ನೂ ನೀವೇ ಬರೆದುಕೊಟ್ಟುಬಿಡಿ.”

“ನನ್ನ ಫೋಟೊ ನೂರು ವರ್ಷ ಬಾಳುತ್ತೆ ಕಣಯ್ಯಾ, ತಿಳ್ಕೋ,” ಅಂದೆ.

“ನಿಜ ಮೇಷ್ಟ್ರೇ. ಆದ್ರೆ ಮದುವೆಗಳೇ ಮೂರು ವರ್ಷ ಬಾಳಲ್ವಲ್ಲ!”

ನನಗೂ ನಗು ಬಂತು, ತೋರಿಸಲಿಲ್ಲ. ಈಗ ನನ್ನ ಬಳಿಗೆ ಬರುವವರು ಗುರುತಿನ ಚೀಟಿಯ ಫೋಟೊದವರು ಮಾತ್ರ. ನಗುವ ಮುಖಗಳೆಲ್ಲ ಅವನಿಗೆ, ನಗಬಾರದ ಮುಖಗಳೆಲ್ಲ ನನಗೆ. ಆದರೂ ಬರೆದಿಟ್ಟುಕೋ ಅಕ್ಕ, ನಾನು ಬೆಲೆ ಇಳಿಸಿಲ್ಲ, ಇಳಿಸುವುದೂ ಇಲ್ಲ. ದರ ಇಳಿದರೆ ಆದರವೂ ಇಳಿಯುತ್ತದೆ.

ನಿನ್ನ ತಮ್ಮ,
ಮಿರೊ


ಬ್ಯೂನಸ್ ಐರಿಸ್
31 ಮಾರ್ಚ್ 1998

ಮಿರೊ,

ನಿನ್ನ ತಪ್ಪೊಪ್ಪಿಗೆ ತಲುಪಿತು. ಕ್ಷಮಿಸುವುದಿಲ್ಲ. ಹಲಗೆ ಕೆಡಿಸಿದ್ದಕ್ಕಲ್ಲ, ಆ ಹುಡುಗ ನಕ್ಕುಕೊಂಡು ಬಾಗಿಲಿಗೆ ಬಂದರೆ ಒಂದು ಲೋಟ ಚಹಾ ಕೊಟ್ಟೆಯೋ ಇಲ್ಲವೋ ಬರೆಯಲೇ ಇಲ್ಲವಲ್ಲ, ಅದಕ್ಕೆ. ಕೊಟ್ಟಿರುವುದಿಲ್ಲ, ನನಗೆ ಗೊತ್ತು.

ಬೆಲೆ ಇಳಿಸು. ದರ, ಆದರ ಎಂದು ಪ್ರಾಸ ಕಟ್ಟಿಕೊಂಡು ಕೂತರೆ ಉದರಕ್ಕೇನು? ನೀನು ಒಲೆ ಹಚ್ಚುವವನಲ್ಲ. ಮದುವೆಯಿದ್ದ ವಾರ ಮಾತ್ರ ನೀನು ಮನುಷ್ಯರಂತೆ ಕೂತು ಉಣ್ಣುತ್ತಿದ್ದೆ, ಮನುಷ್ಯರ ಜೊತೆ ಮಾತಾಡುತ್ತಿದ್ದೆ. ಉಳಿದ ದಿನ ನಾನಿದ್ದೆ, ಬೈಯಲಿಕ್ಕಾದರೂ. ಈಗ ಭಾನುವಾರ ಏನು ಮಾಡುತ್ತೀ? ಕ್ಯಾಮೆರಾದ ಕಪ್ಪುಬಟ್ಟೆಯೊಳಗೆ ತಲೆ ಹಾಕಿಕೊಂಡು ಕೂರಬೇಡ.

ನನ್ನ ಬಗ್ಗೆ ಚಿಂತೆ ಬೇಡ. ಇಲ್ಲಿಯ ಸ್ಟುಡಿಯೊ ದೊಡ್ಡದು, ನೆಗೆಟಿವ್ ತಿದ್ದುವವರು ಎಂಟು ಮಂದಿ ಇದ್ದೇವೆ, ಬೆಳಕು ಚೆನ್ನಾಗಿದೆ. ಸಂಜೆಗೆ ಕಣ್ಣು ಉರಿಯುತ್ತದೆ, ಯಂತ್ರಗಳ ಸದ್ದಿಗೆ ತಲೆ ಸಿಡಿಯುತ್ತದೆ, ಅಷ್ಟೆ. ನನ್ನ ಪಕ್ಕ ಕೂರುವವಳು ನಮ್ಮೂರಿನವಳೇ, ನಿಯೆವೆಸ್ ಅಂತ. ನಿನ್ನ ತಲೆಯ ಹಲಗೆ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಇಲ್ಲಿ ಯಾರಾದರೂ ಗಟ್ಟಿಯಾಗಿ ನಕ್ಕಿದ್ದನ್ನು ಕೇಳಿ ಎಷ್ಟು ದಿನವಾಗಿತ್ತು.

ಅಕ್ಕ


ತುಪೀಸಾ
4 ಮೇ 1998

ಒನೊರಾತಕ್ಕ,

ಮೊದಲು ಒಂದು ಪ್ರಶ್ನೆ. ನೆಗೆಟಿವ್ ತಿದ್ದುವ ಪೆನ್ಸಿಲ್ಲು ಯಾವಾಗಿನಿಂದ ಯಂತ್ರದ ಸದ್ದು ಮಾಡತೊಡಗಿತು? ನಮ್ಮ ಸ್ಟುಡಿಯೊದಲ್ಲಿ ನೀನು ತಿದ್ದುತ್ತಿದ್ದಾಗ ಅದು ಮೂಕ ಪ್ರಾಣಿಯಾಗಿತ್ತು.

ಈಗ ಸುದ್ದಿ. ನಿನ್ನ ತಮ್ಮ ಬೆಲೆ ಇಳಿಸಲಿಲ್ಲ, ತಾನೇ ಮೇಲೇರಿದ. ಫೋಟೊದ ಧರ್ಮಪಿತ ಫೋಟೊಗ್ರಾಫರನಿಗೆ ದುಡ್ಡು ಕೊಡಬೇಕು, ಧರ್ಮಪಿತರೆಲ್ಲ ಜುಗ್ಗರು, ಆದ್ದರಿಂದ ಎಲ್ಲರೂ ವಾಲ್ಟರನ ಬಾಗಿಲಿಗೆ ಹೋಗುತ್ತಾರೆ. ಸರಿಯೆ? ಹಾಗಾದರೆ ಫೋಟೊಗ್ರಾಫರನೇ ಧರ್ಮಪಿತನಾದರೆ! ಇದು ಊರವರಿಗೆ ಹೊಳೆಯಲು ಇಷ್ಟು ದಿನ ಬೇಕಾಯಿತು ನೋಡು. ಈಗ ಬುಟ್ಟಿ ಹೊತ್ತು ಬರುತ್ತಿದ್ದಾರೆ ಅಕ್ಕ. ಬುಟ್ಟಿ ತುಂಬ ಬನ್ನು, ಮೇಲೆ ಹಣ್ಣು, ಪಕ್ಕದಲ್ಲಿ ದ್ರಾಕ್ಷಿ ಸಾರಾಯಿಯ ಶೀಸೆ, ಚೌಕುಳಿ ಬಟ್ಟೆ ಮುಚ್ಚಿಕೊಂಡು. “ಇಲ್ಲ ಅನ್ನಬೇಡಿ ಮೇಷ್ಟ್ರೇ, ನಮ್ಮ ಮಗಳ ಮದುವೆಗೆ ನೀವೇ ಫೋಟೊದ ಧರ್ಮಪಿತ ಆಗಬೇಕು” ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಬುಟ್ಟಿ ಒಳಗೆ ಇಟ್ಟುಕೊಂಡರೆ ಒಪ್ಪಿದಂತೆ. ಬುಟ್ಟಿ ವಾಪಸ್ ಕೊಟ್ಟರೆ ಒಲ್ಲೆ ಎಂದಂತೆ. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ವಾಪಸ್ ಕೊಡುವಷ್ಟು ಕಲ್ಲು ಮನುಷ್ಯನೇ ನಾನು?

ವಾಲ್ಟರ್ ಬಾಡಿಗೆಯವನು, ನಾನು ಬಂಧು. ಅವನನ್ನು ಕರೆಯುತ್ತಾರೆ, ನನ್ನನ್ನು ಬೇಡುತ್ತಾರೆ. ಕಳೆದ ಶನಿವಾರದ ಮದುವೆಯಲ್ಲಿ ನನ್ನ ಎಲೆ, ಅಂದರೆ ತಟ್ಟೆ, ಉಂಗುರದ ಧರ್ಮಪಿತನ ಪಕ್ಕದಲ್ಲೇ ಇತ್ತು. ಕಡಲೆಕಾಯಿ ಸಾರು, ಆಮೇಲೆ ತಮಾಲೆ ಎಂಬ ಮೆಕ್ಕೆಜೋಳದ ಕಡುಬು, ಒಳಗೆ ಒಣಮಾಂಸ ಬಾಯಲ್ಲಿ ಕರಗುವ ಹಾಗಿತ್ತು. ಮದುಮಗಳು “ಧರ್ಮಪಿತಾ” ಎಂದು ಕರೆದು ಕೆನ್ನೆಗೆ ಕೆನ್ನೆ ತಾಗಿಸಿದಳು. ನನ್ನ ಮೀಸೆ ಇನ್ನೂ ಅದನ್ನೇ ನೆನೆಯುತ್ತಿದೆ.

ಧರ್ಮಪಿತ ಎಡೆಲ್ಮಿರೊ


ಬ್ಯೂನಸ್ ಐರಿಸ್
26 ಮೇ 1998

ಮಿರೊ,

ಧರ್ಮಪಿತ ಎಂದರೆ ಧರ್ಮಕ್ಕೆ ದುಡಿಯುವವನು ಎಂದು ಅರ್ಥವಾಯಿತು. ಅರ್ಧ ಬೆಲೆಗೆ ತೆಗೆಯುವವನನ್ನು ಬೈಯುತ್ತಾ ಬೈಯುತ್ತಾ ನೀನು ಪುಕ್ಕಟೆಗೆ ಇಳಿದೆ. ಕಾನೂನು ಕಾಲೇಜಿನಲ್ಲಿ ಇದಕ್ಕೆ ಏನನ್ನುತ್ತಾರೆ?

ಬೈಯಬೇಕೆಂದೇ ಕಾಗದ ಎತ್ತಿಕೊಂಡೆ. ಆದರೆ ನಿನ್ನ ಪತ್ರವನ್ನು ಮೂರು ಸಲ ಓದಿದೆ, ಅಡುಗೆಯ ಭಾಗವನ್ನು ನಾಲ್ಕು ಸಲ. ನಿಯೆವೆಸ್‌ಗೂ ಓದಿ ಹೇಳಿದೆ. “ನಿನ್ನ ತಮ್ಮ ಊರಿಗೆಲ್ಲ ಬೇಕಾದವನು ಕಣೇ, ನಾವಿಲ್ಲಿ ಯಾರಿಗೂ ಬೇಡದವರಾಗಿ ಕೂತಿದೀವಿ” ಅಂದಳು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಇಲ್ಲಿ ಭಾನುವಾರ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಒಂದು ಮೊಟ್ಟೆ ಬೇಯಿಸಿಕೊಂಡು ಕಿಟಕಿಯ ಬಳಿ ಕೂತು ನಿನ್ನ ಪತ್ರ ಓದುತ್ತೇನೆ. ನನಗೂ ಮದುವೆ ಊಟ ಆದಂತಾಗುತ್ತದೆ. ನೀನು ಪುಕ್ಕಟೆ ದುಡಿದರೂ ಚಿಂತೆಯಿಲ್ಲ, ಕರೆಯುವವರಿದ್ದಾರಲ್ಲ. ಇನ್ನಷ್ಟು ಬರೆ. ಏನೇನು ಬಡಿಸಿದರು, ಯಾರು ಕುಣಿದರು, ಎಲ್ಲ.

ಮತ್ತೆ, ಮದುವೆಯ ಗುಂಪು ಫೋಟೊದಲ್ಲಿ ಧರ್ಮಪಿತರು ಸಾಲಾಗಿ ನಿಲ್ಲುತ್ತಾರಲ್ಲ, ಅದೊಂದು ಕಳಿಸು. ನಿನ್ನ ಮುಖ ನೋಡಿ ನಾಲ್ಕು ವರ್ಷವಾಯಿತು.

ಅಕ್ಕ

(ಪೆನ್ಸಿಲ್ಲಿನ ಪ್ರಶ್ನೆ ಕೇಳಬೇಡ. ನಗರದಲ್ಲಿ ಎಲ್ಲಕ್ಕೂ ಸದ್ದಿರುತ್ತದೆ.)


ತುಪೀಸಾ
29 ಜೂನ್ 1998

ಒನೊರಾತಕ್ಕ,

ಫೋಟೊ ಕೇಳಿದೆ. ಕಾನೂನಿನ ಪ್ರಕಾರ ಉತ್ತರಿಸುತ್ತೇನೆ: ಫೋಟೊ ತೆಗೆಯುವವನು ಫೋಟೊದಲ್ಲಿ ಇರತಕ್ಕದ್ದಲ್ಲ. ಕ್ಯಾಮೆರಾದ ಹಿಂದೆ ನಿಂತವನನ್ನು ತೆಗೆಯಲು ಕ್ಯಾಮೆರಾದ ಮುಂದೆ ಇನ್ನೊಬ್ಬ ಬೇಕು, ಅವನನ್ನು ತೆಗೆಯಲು ಮತ್ತೊಬ್ಬ, ಹೀಗೆ ಊರೆಲ್ಲ ಕ್ಯಾಮೆರಾ ಹಿಡಿದು ನಿಂತರೆ ಮದುವೆಯಾಗುವವರು ಯಾರು?

ಆದರೆ ಊಟ ಕೇಳಿದೆಯಲ್ಲ, ಅದನ್ನು ಕಳಿಸುತ್ತೇನೆ. ಸಂತ ಯೋಹಾನನ ಬೆಂಕಿಯ ಹಬ್ಬ ಕಳೆದ ಮೇಲಿನ ಶನಿವಾರ, ನಮ್ಮ ಜೂನ್ ಚಳಿಗಾಲ ಗೊತ್ತಲ್ಲ, ಮೂಳೆಯೊಳಗಿನ ಮಜ್ಜೆ ಹೆಪ್ಪುಗಟ್ಟುವ ಚಳಿ. ಅಂಥಾದ್ದರಲ್ಲಿ ಒಲೆಯಿಂದ ಇಡೀ ಹಂದಿಯೊಂದು ಹೊರಬಂತು ಅಕ್ಕ. ಜೀರಿಗೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಬೀದಿಯ ಆಚೆ ಬದಿಯವರೆಗೂ ಘಮ. ಚರ್ಮ ಕತ್ತರಿಸಿದಾಗ ಚರಚರ ಎಂದ ಸದ್ದು ಬ್ಯಾಂಡಿನ ನಡುವೆಯೂ ಕೇಳಿತು. ಬ್ಯಾಂಡಿನ ತುತ್ತೂರಿಯವನು ಎರಡನೇ ಹಾಡಿಗೇ ಕುಡಿದಿದ್ದ, ಮೂರನೆಯದನ್ನು ಎರಡನೆಯದರ ಮೇಲೇ ಊದಿದ. ಯಾರೋ ಅಜ್ಜಿ “ವಾಲ್ಟರ್, ಬಾರೋ” ಎಂದು ಕೂಗಿದರು, ಎಲ್ಲರೂ ಚಪ್ಪಾಳೆ ಹೊಡೆದರು. ಹೌದು, ಅವನೂ ಬಂದಿದ್ದ, ನೆಂಟನಾಗಿ. ಅವನು ಅಜ್ಜಿಯರ ಜೊತೆ ಕುಣಿಯುತ್ತಾನೆ. ಕ್ಯಾಮೆರಾ ಕೊರಳಲ್ಲಿ ತೂಗಾಡುತ್ತಿರುತ್ತದೆ. ನಾನು ಹತ್ತೊಂಬತ್ತು ವರ್ಷ ಮದುವೆಗಳಿಗೆ ಹೋಗಿದ್ದೇನೆ, ಒಮ್ಮೆಯೂ ಕುಣಿದಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ಬಿಟ್ಟು ಎರಡು ಕಾಲಿನಲ್ಲಿ ಏನು ಕುಣಿಯುವುದು?

ಈ ಋತುವಿನಲ್ಲಿ ಇದು ನಾಲ್ಕನೇ ಧರ್ಮಪಿತೃತ್ವ. ವಾಲ್ಟರನಿಗೆ ಒಂದೂ ಇಲ್ಲ, ಬರೀ ಬಾಡಿಗೆ.

ಮಿರೊ


ಬ್ಯೂನಸ್ ಐರಿಸ್
20 ಜುಲೈ 1998

ಮಿರೊ,

ಹಂದಿಯ ಪತ್ರವನ್ನು ಊಟದ ಬಿಡುವಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ಒಬ್ಬಳು ಅತ್ತೇಬಿಟ್ಟಳು. ಆದರೆ ನೀನು ಯಾರ ಪಕ್ಕ ಕೂತಿದ್ದೆ, ಏನು ಮಾತಾಡಿದೆ, ಒಂದನ್ನೂ ಬರೆದಿಲ್ಲ. ಎಲ್ಲ ಬರೀ ಘಮ, ಬರೀ ಸದ್ದು. ನಿನಗೆ ನೆಗಡಿಯೋ ಕಣ್ಣುನೋವೋ?

ಸುದ್ದಿ ಕೇಳು. ನಿಯೆವೆಸ್ ಆಗಸ್ಟ್ ಕೊನೆಗೆ ತುಪೀಸಾಗೆ ಬರುತ್ತಾಳೆ. ಅವಳ ತಮ್ಮ ಫ್ರೊಯಿಲಾನ್, ಬಸ್ ಟಿಕೆಟ್ ಕೊಡುವವನು, ಅವನ ಮಗಳು ಯೊಲಾಂಡಾಳ ಮದುವೆ ಸೆಪ್ಟೆಂಬರ್ ಹನ್ನೆರಡಕ್ಕೆ. ಅವಳ ಕೈಯಲ್ಲಿ ನಿನಗೆ ಸ್ವೆಟರ್ ಕಳಿಸುತ್ತೇನೆ. ಇನ್ನೊಂದು ವಿಷಯವೂ ಇದೆ, ಈಗ ಹೇಳುವುದಿಲ್ಲ. “ನಿನ್ನ ತಮ್ಮನನ್ನ ಮದುವೆ ಮನೆಯಲ್ಲೇ ನೋಡ್ತೀನಿ ಬಿಡು, ಅವನಿಲ್ಲದ ಮದುವೆ ಇದೆಯಾ ಊರಲ್ಲಿ?” ಅಂತಾಳೆ. ಇಲ್ಲ ಅಂದೆ.

ಅಕ್ಕ


ತುಪೀಸಾ
9 ಆಗಸ್ಟ್ 1998

ಅಕ್ಕ,

ಬರಲಿ, ಬರಲಿ. ಸಂತೋಷ. ಫ್ರೊಯಿಲಾನ್ ಮನೆಯವರು ನನ್ನನ್ನೇ ಕೇಳುವ ಯೋಚನೆಯಲ್ಲಿದ್ದಾರೆಂದು ಗಾಳಿಸುದ್ದಿ. ನೋಡೋಣ, ಬಿಡುವಿರಬೇಕಲ್ಲ. ಈ ವಾರ ಕೆಲಸ ಜಾಸ್ತಿ, ಹೆಚ್ಚು ಬರೆಯಲಾರೆ.

ನಿಯೆವೆಸ್ ಎಷ್ಟು ದಿನ ಇರುತ್ತಾಳೆ?

ಮಿರೊ


ಬ್ಯೂನಸ್ ಐರಿಸ್
22 ಆಗಸ್ಟ್ 1998

ಮಿರೊ,

ಇಷ್ಟು ಚಿಕ್ಕ ಪತ್ರವನ್ನು ನೀನು ಹುಟ್ಟಿದಾಗಿನಿಂದ ಬರೆದಿಲ್ಲ. ಒಂದು ಶ್ಲೇಷೆಯೂ ಇಲ್ಲ. ಜ್ವರವೇ?

ನಿಯೆವೆಸ್ ಮೂರು ವಾರ ಇರುತ್ತಾಳೆ. ಇವತ್ತು ಬಸ್ಸು ಹತ್ತಿಸಿ ಬಂದೆ. ಈಗ ಪಕ್ಕದ ಕುರ್ಚಿ ಖಾಲಿ.

ಅಕ್ಕ


ತುಪೀಸಾ
3 ಸೆಪ್ಟೆಂಬರ್ 1998

ಒನೊರಾತಕ್ಕ,

ಸ್ವೆಟರ್ ಹಾಕಿಕೊಂಡು ಬರೆಯುತ್ತಿದ್ದೇನೆ. ತೋಳು ಸ್ವಲ್ಪ ಉದ್ದವಾಯಿತು, ನೀನು ನನ್ನನ್ನು ಇನ್ನೂ ಬೆಳೆಯುವ ಹುಡುಗನೆಂದೇ ತಿಳಿದಿದ್ದೀ. ನಿಯೆವೆಸ್ ವಾಪಸ್ ಬಂದು ನಿನಗೆ ಹೇಳುವ ಮೊದಲೇ ನಾನು ಹೇಳಬೇಕು. ಅವಳು ಹೇಳಿದರೆ ನೀವಿಬ್ಬರೂ ನಗುತ್ತೀರಿ. ನಾನು ಹೇಳಿದರೆ ನೀನೊಬ್ಬಳೇ ನಗುತ್ತೀ, ಅಷ್ಟು ಲಾಭ.

ನಿನ್ನೆ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಬೌಲರ್ ಹ್ಯಾಟು ಹಾಕಿದ ಗುರುತಿಲ್ಲದ ಹೆಂಗಸು. ಕೈಯಲ್ಲಿ ಬುಟ್ಟಿ, ಮೇಲೆ ಚೌಕುಳಿ ಬಟ್ಟೆ. ಅವಳು ಬಾಯಿ ತೆರೆಯುವ ಮೊದಲೇ ನಾನು ಅಂದೆ:

“ಇಟ್ಟು ಹೋಗಮ್ಮ, ಪರವಾಗಿಲ್ಲ. ವಾಲ್ಟರನ್ನೇ ಮಾಡಿಕೊಳ್ಳಲಿ. ಆದ್ರೆ ಫ್ರೊಯಿಲಾನ್‌ಗೆ ಹೇಳು, ವಾಪಸ್ ಕಳಿಸೋಕೆ ಇನ್ನೊಂದು ದಿನ ತಡೀಬಹುದಿತ್ತು ಅಂತ.”

“ಏನು ವಾಪಸ್ಸು? ನಾನು ನಿಯೆವೆಸ್ ಮೇಷ್ಟ್ರೇ, ನಿಮ್ಮಕ್ಕನ ಗೆಳತಿ. ನಮ್ಮ ಯೊಲಾಂಡಾಗೆ ನೀವೇ ಫೋಟೊದ ಧರ್ಮಪಿತ ಆಗಬೇಕು ಅಂತ ಕೇಳೋಕೆ ಬಂದಿದೀನಿ!”

“ಕೇಳೋಕಾ? ಹಾಗಾದ್ರೆ ನಿನ್ನೆ ನಾನು ಕೊಟ್ಟುಬಂದ ಬುಟ್ಟಿ?”

ಬಾಯಿಂದ ಬಂದುಬಿಟ್ಟಿತು ಅಕ್ಕ. ಶಟರ್ ಬಿದ್ದ ಮೇಲೆ ಹಿಂದಕ್ಕೆ ಎಳೆಯಲು ಬರುತ್ತದೆಯೇ?

“ನೀವು ಕೊಟ್ಟಿದ್ದಾ ಅದು?” ಅಂದಳು. “ಅಡುಗೆಮನೇಲಿತ್ತು. ತಮ್ಮನ ಅತ್ತೆಗೆ ಕಿವಿ ಕೇಳಲ್ಲ, ಯಾರು ಕೊಟ್ರು ಅಂದ್ರೆ ದೇವರು ಅಂದ್ರು. ಬೆಳಿಗ್ಗೆ ಮಕ್ಕಳೆಲ್ಲ ಸೇರಿ ಖಾಲಿ ಮಾಡಿದ್ರು.” ಆಮೇಲೆ ನನ್ನನ್ನು ಒಂದು ಗಳಿಗೆ ನೋಡಿದಳು. “ಅಲ್ಲಾ ಮೇಷ್ಟ್ರೇ, ಧರ್ಮಪಿತ ಆಗೋರೇ ಬುಟ್ಟಿ ಹೊತ್ಕೊಂಡು ಹೋಗೋದು ಯಾವೂರ ಪದ್ಧತಿ? ಹೆಣ್ಣೇ ಹೂವು ಹಿಡಕೊಂಡು ಗಂಡು ಕೇಳೋಕೆ ಹೋದಂಗಾಯ್ತು!”

ನಕ್ಕಳು. ಹ್ಯಾಟು ಬೀಳುವವರೆಗೂ ನಕ್ಕಳು. ಕೊನೆಗೆ ಹ್ಯಾಟು ಎತ್ತಿ ಧೂಳು ಒರೆಸುತ್ತಾ ಮೆಲ್ಲಗೆ ಹೇಳಿದಳು: “ತಿಂದಾಯ್ತಲ್ಲ, ಅಂದ್ಮೇಲೆ ನಾವು ಒಪ್ಪಿದ ಹಾಗೆ. ನೀವೂ ಇದನ್ನ ಒಳಗಿಟ್ಟುಕೊಳ್ಳಿ.” ಇಟ್ಟುಕೊಂಡೆ. ನೀನು ಆಗ ಹೇಳುವುದಿಲ್ಲವೆಂದಿದ್ದ ವಿಷಯ ಇದೇ ತಾನೇ?

ಚಹಾ ಕೊಟ್ಟೆ, ನೀನು ಕೇಳುವ ಮೊದಲೇ ಹೇಳುತ್ತೇನೆ. ಕುಡಿಯುತ್ತಾ ಅವಳು ಅಂದಳು, “ನಾನೂ ನಿಮ್ಮಕ್ಕನೂ ಒಂದೇ ಸಾಲಿನ ಹೊಲಿಗೆ ಮಿಷನ್ನಿನಲ್ಲಿ ಕೂರೋದು. ಅವಳು ಕಾಲರು, ನಾನು ಗುಂಡಿ.” ಪೆನ್ಸಿಲ್ಲಿನ ಸದ್ದು ಈಗ ಅರ್ಥವಾಯಿತು. ನಾನು ಏನೂ ಕೇಳುವುದಿಲ್ಲ ಅಕ್ಕ. ನೀನು ತಿದ್ದಿದ್ದು ನಿನ್ನ ಚಿತ್ರ, ತಿದ್ದುವುದು ನಿನ್ನ ಕಸುಬೇ ಅಲ್ಲವೇ.

ನನ್ನದು ಉಳಿಯಿತು. ಇದಕ್ಕೆ ಮೊದಲಿನ ನಾಲ್ಕು ಬುಟ್ಟಿಗಳನ್ನೂ ಹೊತ್ತವನು ನಾನೇ. ಯಾರೂ ನನ್ನ ಬಾಗಿಲಿಗೆ ತಂದಿರಲಿಲ್ಲ. ಮೊದಲನೆಯದನ್ನು ಮುಜುಗರಕ್ಕೆ ಇಟ್ಟುಕೊಂಡರು, ಆ ಮದುವೆಯಲ್ಲಿ ನನ್ನ ತಟ್ಟೆ ಇದ್ದದ್ದು ಬ್ಯಾಂಡಿನವರ ಪಕ್ಕ. ಉಳಿದ ಮೂರೂ ಮರಳಿ ಬಂದವು. ಮರ್ಯಾದೆಯಿಂದಲೇ ತಂದುಕೊಟ್ಟರು. “ನಿಮ್ಮಂಥ ದುಬಾರಿ ಮನುಷ್ಯರ ಕೈಲಿ ಪುಕ್ಕಟೆ ಮಾಡಿಸಿಕೊಳ್ಳೋಕೆ ನಮಗೆ ಮುಖ ಇಲ್ಲ ಮೇಷ್ಟ್ರೇ. ವಾಲ್ಟರ್ ಆದ್ರೆ ನಮ್ಮವನು.” ಹತ್ತೊಂಬತ್ತು ವರ್ಷ ನಾನು ಕಾಪಾಡಿದ ದರವೇ ಬಾಗಿಲಿಗೆ ಅಡ್ಡ ನಿಂತಿತು. ಆದರವೂ ಇತ್ತು ಅಕ್ಕ, ಬೇಕಾದಷ್ಟು ಇತ್ತು. ಕುರ್ಚಿ ಮಾತ್ರ ಇರಲಿಲ್ಲ.

ಹಂದಿಯ ಮದುವೆಯ ದಿನ ನಾನು ಬೀದಿಯ ಆಚೆ ಬದಿಯ ಗೋಡೆಗೆ ಒರಗಿ ನಿಂತಿದ್ದೆ. ವಾಲ್ಟರ್ ಬಾಗಿಲಿಗೆ ಬಂದು ನೋಡಿದ. “ಮೇಷ್ಟ್ರೇ, ಒಳಗೆ ಬನ್ನಿ, ಫ್ಲಾಶು ಹಿಡಿಯೋಕೆ ನನಗೊಬ್ಬರು ಬೇಕು” ಅಂದ. ಅವನ ಕ್ಯಾಮೆರಾಕ್ಕೆ ಫ್ಲಾಶು ಹಿಡಿಯುವವರು ಬೇಕಿಲ್ಲ, ಅದು ಅವನಿಗೂ ಗೊತ್ತು, ನನಗೂ ಗೊತ್ತು. “ಕೆಲಸ ಇದೆಯಪ್ಪ” ಎಂದು ಮನೆಗೆ ಬಂದೆ. ಎರಡು ದಿನ ಬಿಟ್ಟು, ಚಿಮಣಿ ದೀಪ ದೊಡ್ಡದು ಮಾಡಿ, ನಿನಗೆ ಆ ಪತ್ರ ಬರೆಯಲು ಕುಳಿತೆ. ಜೀರಿಗೆ, ಬೆಳ್ಳುಳ್ಳಿ, ಚರಚರ ಎಂದ ಚರ್ಮ ಎಂದು ಬರೆಯುವಾಗ ನನ್ನ ಬಾಯಲ್ಲಿ ಇದ್ದದ್ದು ಅದೇ ಮನೆಯಿಂದ ವಾಪಸ್ ಬಂದ ಬುಟ್ಟಿಯ ಬನ್ನು. ಗಟ್ಟಿಯಾಗಿತ್ತು. ಚಹಾದಲ್ಲಿ ಅದ್ದಿಕೊಂಡು ತಿಂದೆ.

ಮಿರೊ